ಗಂಗಾವತಿ ಅಕ್ಕಿ ಚೀಲ ಚಂದ್ರನ ಮೇಲೆ ಎಷ್ಟು ತೂಗತೈತಿ?

ಗಂಗಾವತಿಯ 25 ಕೆ.ಜಿ. ಸೋನಾ ಮಸೂರಿ ಚೀಲವನ್ನು ಚಂದ್ರನ ಮೇಲೆ, ಇಲ್ಲೇ ಸೆಟ್ ಮಾಡಿದ ಎಲೆಕ್ಟ್ರಾನಿಕ್ ತಕ್ಕಡಿಗೆ ಇಟ್ಟರೆ ತೋರಿಸೋದು ಬರೀ 4 ಕೆ.ಜಿ. ಚಿಲ್ಲರೆ. ಅಕ್ಕಿ ಒಂದು ಕಾಳೂ ಕಡಿಮೆಯಾಗಿಲ್ಲ, ಕಡಿಮೆಯಾಗಿದ್ದು ಸೆಳೆತ.

ಲೆಕ್ಕ ನ್ಯೂಟನ್ 1687ರಲ್ಲಿ ಕೊಟ್ಟದ್ದು. ಎರಡೂ ವಸ್ತುಗಳ ದ್ರವ್ಯರಾಶಿ ಗುಣಿಸಿ, ಕೇಂದ್ರಗಳ ನಡುವಿನ ದೂರದ ವರ್ಗದಿಂದ ಭಾಗಿಸಿ, ಗುರುತ್ವ ಸ್ಥಿರಾಂಕದಿಂದ ಗುಣಿಸಬೇಕು. ಸ್ಥಿರಾಂಕ ಎಲ್ಲಾ ಕಡೆ ಒಂದೇ, ಹೋಲಿಸುವಾಗ ಬಿಟ್ಟುಬಿಡಿ.

ಚಂದ್ರನ ದ್ರವ್ಯರಾಶಿ ಭೂಮಿಯ 81ರಲ್ಲಿ ಒಂದು ಪಾಲು. ಸೆಳೆತವೂ ಅಷ್ಟೇ ಇಳೀತು. ಆದರೆ ನೆಲದಿಂದ ಕೇಂದ್ರಕ್ಕೆ ಭೂಮಿಯಲ್ಲಿ 6,371 ಕಿ.ಮೀ., ಚಂದ್ರನಲ್ಲಿ 1,737 ಮಾತ್ರ. ದೂರ 3.67 ಪಟ್ಟು ಕಡಿಮೆ. ವರ್ಗ ಮಾಡಿದರೆ ಸೆಳೆತ 13.5 ಪಟ್ಟು ಏರ್ತು. 81ರಲ್ಲಿ 13.5 ಅಂದ್ರೆ ಆರರಲ್ಲಿ ಒಂದು.

2023ರ ಆಗಸ್ಟ್ 23ರಂದು ವಿಕ್ರಮ್ ಇಳಿಯುವಾಗ ಎಂಜಿನ್ ಎಷ್ಟು ತಳ್ಳಬೇಕು ಅನ್ನೋದಕ್ಕೂ ಇದೇ ಲೆಕ್ಕ ಬುನಾದಿ. ತಪ್ಪಿದ್ದರೆ ನೆಲಕ್ಕೆ ಅಪ್ಪಳಿಸುತ್ತಿತ್ತು.

ವ್ಯಾಪಾರಸ್ಥರು ಅಲ್ಲಿ ಅಂಗಡಿ ಇಟ್ರೆ ಆ ಎಲೆಕ್ಟ್ರಾನಿಕ್ ತಕ್ಕಡಿ ನಂಬಬೇಡಿ. 25 ತೋರಿಸೋಕೆ ಆರು ಚೀಲ ಸುರಿಯಬೇಕಾದೀತು! ಹಳೇ ತಕ್ಕಡಿ, ತೂಕದ ಕಲ್ಲು ಒಯ್ಯಿರಿ. ಕಲ್ಲೂ ಅಕ್ಕಿಯಂಗ ಹಗುರಾಗತೈತಿ, ತೂಕ ಸರಿ ಬರತೈತಿ.