ದಾಳ ಉರುಳಿಸಿ ಕಾಲ ದಾಟುವ ಆಟ

ಹಿಂದಿನವರು ದೊಡ್ಡವರೋ ಇಂದಿನವರು ದೊಡ್ಡವರೋ ಎಂಬ ವಾದ ಸಾಹಿತ್ಯದ ಓದುಗರಿಗೆ ಹೊಸದಲ್ಲ. ಪಂಪನನ್ನೂ ಕುಮಾರವ್ಯಾಸನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಆಸೆ ನಮ್ಮಲ್ಲಿ ಅನೇಕರಿಗೆ ಉಂಟು; ತಕ್ಕಡಿ ಮಾತ್ರ ಸಿಕ್ಕುವುದಿಲ್ಲ. ಅಮೆರಿಕದ ಬೇಸ್‌ಬಾಲ್ ಪ್ರೇಮಿಗಳು ತಮ್ಮ ಆಟದ ಮಟ್ಟಿಗೆ ಅಂಥದೊಂದು ತಕ್ಕಡಿಯನ್ನು ಮಾಡಿಕೊಂಡಿದ್ದಾರೆ. 1927ರ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು 1975ರ ಸಿನ್ಸಿನಾಟಿ ರೆಡ್ಸ್ ತಂಡದೆದುರು ನಿಲ್ಲಿಸಿ, ಮೈದಾನದಲ್ಲಿ ಎಂದೂ ಸಂಧಿಸದ ಆಟಗಾರರ ನಡುವೆ ಪಂದ್ಯಾವಳಿಯನ್ನೇ ನಡೆಸುತ್ತಾರೆ. ಅಲ್ಲಿ ಚೆಂಡಿಲ್ಲ, ದಾಂಡಿಲ್ಲ. ಇರುವುದು ಅಂಕಿಗಳು ಮತ್ತು ಆಕಸ್ಮಿಕ. ಇದರ ಒಳಗುಟ್ಟೇನು, ಇದು ಕೊಡುವ ತೀರ್ಪನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಹಾಲ್ ರಿಚ್‌ಮನ್ ಎಂಬವರು 1961ರಲ್ಲಿ ಮಾರುಕಟ್ಟೆಗೆ ತಂದ ‘ಸ್ಟ್ರ್ಯಾಟ್-ಒ-ಮ್ಯಾಟಿಕ್’ ಎಂಬ ಮೇಜಿನಾಟವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪ್ರತಿ ಆಟಗಾರನಿಗೂ ಒಂದು ಕಾರ್ಡು. ಆಡಲು ಮೂರು ದಾಳ. ಬಿಡಿ ದಾಳದಲ್ಲಿ 1ರಿಂದ 3 ಬಿದ್ದರೆ ದಾಂಡಿಗನ ಕಾರ್ಡನ್ನು ನೋಡಬೇಕು. 4ರಿಂದ 6 ಬಿದ್ದರೆ ಚೆಂಡೆಸೆಯುವ ಪಿಚರನ ಕಾರ್ಡನ್ನು. ಉಳಿದೆರಡು ದಾಳಗಳ ಮೊತ್ತಕ್ಕೆ ಎದುರಾಗಿ ಆ ಕಾರ್ಡಿನಲ್ಲಿ ಏನು ಬರೆದಿದೆಯೋ ಅದೇ ಎಸೆತದ ಫಲ. ಎರಡು ದಾಳಗಳು ಬೀಳಬಹುದಾದ 36 ಬಗೆಗಳಲ್ಲಿ ಮೊತ್ತ 7 ಆಗುವುದು 6 ಬಗೆಯಲ್ಲಿ. 2 ಅಥವಾ 12 ಆಗುವುದು ತಲಾ ಒಂದೇ ಬಗೆಯಲ್ಲಿ. ಬೇಬ್ ರೂತ್ 1927ರಲ್ಲಿ 60 ಹೋಮ್‌ರನ್ ಹೊಡೆದವರು. ಕ್ರಿಕೆಟ್ಟಿನ ಸಿಕ್ಸರನ್ನು ಹೋಲುವ ಈ ಹೊಡೆತ ಅವರ ಕಾರ್ಡಿನಲ್ಲಿ ಮತ್ತೆ ಮತ್ತೆ ಬೀಳುವ ಮೊತ್ತಗಳಿಗೆ ಸೇರಬೇಕು. ದುರ್ಬಲ ದಾಂಡಿಗನ ಕಾರ್ಡಿನಲ್ಲಿ ಅಪರೂಪದ ಮೊತ್ತಕ್ಕೆ ಸರಿಯಬೇಕು. ಹೀಗೆ ಆಟಗಾರನ ಒಂದು ವರ್ಷದ ಸಾಧನೆ ಸಂಭವನೀಯತೆಯಾಗಿ ಕಾರ್ಡಿಗೆ ಇಳಿಯುತ್ತದೆ. ಕಂಪ್ಯೂಟರು ಮಾಡುವುದೂ ಮೂಲತಃ ಇದನ್ನೇ, ಇನ್ನೂ ಸೂಕ್ಷ್ಮವಾಗಿ ಮತ್ತು ಇನ್ನೂ ವೇಗವಾಗಿ.

ಆದರೆ ಬೇರೆ ಬೇರೆ ಕಾಲದ ಅಂಕಿಗಳ ಬೆಲೆ ಒಂದೇ ಅಲ್ಲ. 1930ರಲ್ಲಿ ನ್ಯಾಷನಲ್ ಲೀಗಿನ ದಾಂಡಿಗರೆಲ್ಲರ ಒಟ್ಟು ಸರಾಸರಿ ಸಾವಿರಕ್ಕೆ 303 ಹೊಡೆತ. 1968ರಲ್ಲಿ ಅಮೆರಿಕನ್ ಲೀಗಿನ ಸರಾಸರಿ 230ಕ್ಕೆ ಇಳಿದಿತ್ತು. ಪಿಚರುಗಳ ಮೇಲುಗೈ ಎಷ್ಟಿತ್ತೆಂದರೆ, ಮರುವರ್ಷ ಅವರು ನಿಂತೆಸೆಯುವ ದಿಬ್ಬದ ಎತ್ತರವನ್ನು 15 ಅಂಗುಲದಿಂದ 10ಕ್ಕೆ ತಗ್ಗಿಸಬೇಕಾಯಿತು. 1968ರಲ್ಲಿ ಆ ಲೀಗಿನ ಅಗ್ರಗಣ್ಯ ದಾಂಡಿಗ ಕಾರ್ಲ್ ಯಸ್ಟ್ರೆಮ್‌ಸ್ಕಿ ಅವರ ಸರಾಸರಿ 301. 1930ರ ನ್ಯಾಷನಲ್ ಲೀಗಿನಲ್ಲಿ ಅದು ಸಾಧಾರಣರ ಸಾಲಿಗೂ ತುಸು ಕೆಳಗೆ! ಆ ವರ್ಷ ಅಲ್ಲಿ ಬಿಲ್ ಟೆರಿ 401 ಹೊಡೆದಿದ್ದರು. ಆದರೆ ಇಬ್ಬರನ್ನೂ ಅವರವರ ಕಾಲದ ಸರಾಸರಿಯೊಡನೆ ಹೋಲಿಸಿ ನೋಡಿ: ಟೆರಿ ನೂರಕ್ಕೆ ಸುಮಾರು 32ರಷ್ಟು ಮೇಲೆ, ಯಸ್ಟ್ರೆಮ್‌ಸ್ಕಿ ಸುಮಾರು 31ರಷ್ಟು ಮೇಲೆ. ನೂರು ಅಂಕಗಳ ಅಂತರ ಹೆಚ್ಚುಕಡಿಮೆ ಮಾಯವಾಯಿತು. ಯುಗಗಳನ್ನು ಬೆಸೆಯುವ ಪಂದ್ಯಾವಳಿಗೆ ಈ ಸಮೀಕರಣವೇ ತಳಹದಿ.

ಇನ್ನು ಆಕಸ್ಮಿಕದ ಮಾತು. ಒಂದೊಂದು ಪಂದ್ಯದಲ್ಲೂ ನೂರಕ್ಕೆ 55ರಷ್ಟು ಗೆಲುವಿನ ಅವಕಾಶವಿರುವ ತಂಡ, ಏಳು ಪಂದ್ಯಗಳ ಸರಣಿಯನ್ನು ಗೆಲ್ಲುವ ಅವಕಾಶ ನೂರಕ್ಕೆ 61 ಮಾತ್ರ. ಉಳಿದ 39 ಸಲ ಕಿರೀಟ ದುರ್ಬಲನ ತಲೆಗೇರುತ್ತದೆ. ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. 1906ರಲ್ಲಿ 116 ಪಂದ್ಯಗಳನ್ನು ಗೆದ್ದು 36ರಲ್ಲಷ್ಟೇ ಸೋತಿದ್ದ ಷಿಕಾಗೋ ಕಬ್ಸ್ ತಂಡ, ಅದೇ ಊರಿನ ವೈಟ್ ಸಾಕ್ಸ್ ತಂಡಕ್ಕೆ ಅಂತಿಮ ಸರಣಿಯಲ್ಲಿ 4-2ರಿಂದ ಮಣಿಯಿತು. ಆದಕಾರಣ ಒಂದು ಸಲ ನಡೆಸಿದ ಪಂದ್ಯಾವಳಿ ಕಥೆಯಾದೀತೇ ಹೊರತು ತೀರ್ಪಾಗದು. ತೀರ್ಪು ಬೇಕೆನ್ನುವವರು ಅದನ್ನೇ ಸಾವಿರಾರು ಸಲ ಆಡಿಸಬೇಕು.

ಎಷ್ಟು ಸಲ ಆಡಿಸಿದರೂ ತುಂಬದ ಕೊರತೆಯೊಂದು ಉಳಿಯುತ್ತದೆ. ಸಮಕಾಲೀನರೊಡನೆ ಹೋಲಿಸುತ್ತೇವೆ, ಸರಿ. ಆ ಸಮಕಾಲೀನರೆಂದರೆ ಯಾರು? 1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್‌ಸನ್ ಕಣಕ್ಕಿಳಿಯುವವರೆಗೆ, ಇಪ್ಪತ್ತನೆಯ ಶತಮಾನದ ದೊಡ್ಡ ಲೀಗುಗಳು ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದವು. 1927ರ ಯಾಂಕೀಸ್ ಗೆದ್ದ 110 ಪಂದ್ಯಗಳೂ ಆ ಮುಚ್ಚಿದ ಬಾಗಿಲಿನ ಒಳಗಿನವು. ಹೊರಗೆ, ನೀಗ್ರೋ ಲೀಗುಗಳಲ್ಲಿ, ಹೋಮ್‌ಸ್ಟೆಡ್ ಗ್ರೇಸ್ ತಂಡದ ಜಾಷ್ ಗಿಬ್ಸನ್ ಆಡುತ್ತಿದ್ದರು. ರಾಬಿನ್‌ಸನ್ ಒಳಗೆ ಕಾಲಿಡುವುದಕ್ಕೆ ಮೂರು ತಿಂಗಳು ಮುಂಚೆ ಅವರು ತೀರಿಕೊಂಡರು. ಆ ಲೀಗುಗಳ ದಾಖಲೆಗಳು ಚದುರಿಹೋಗಿದ್ದವು. ಸಂಶೋಧಕರು ಹಳೆಯ ಪತ್ರಿಕೆಗಳನ್ನು ಸೋಸಿ ಅಂಕಿಗಳನ್ನು ಕೂಡಿಸಬೇಕಾಯಿತು. 2020ರ ಡಿಸೆಂಬರಿನಲ್ಲಿ ಅವುಗಳಿಗೆ ದೊಡ್ಡ ಲೀಗಿನ ಮಾನ್ಯತೆ ದೊರೆಯಿತು. 2024ರ ಮೇ ತಿಂಗಳಲ್ಲಿ ಅಂಕಿಗಳೂ ಒಂದಾದವು. ಆಗ ಗಿಬ್ಸನ್ ಅವರ ಜೀವಮಾನದ ಸರಾಸರಿ 372, ಅದುವರೆಗೆ ಎಲ್ಲರಿಗಿಂತ ಮೇಲಿದ್ದ ಟೈ ಕಾಬ್ ಅವರ 367ನ್ನು ದಾಟಿ ನಿಂತಿತು. ಮೈದಾನದಲ್ಲಿ ಹೊಸದಾಗಿ ಏನೂ ನಡೆದಿರಲಿಲ್ಲ. ಲೆಕ್ಕದ ಪುಸ್ತಕ ಬದಲಾಗಿತ್ತು, ಅಷ್ಟೆ.

1968ರಲ್ಲಿ ಪ್ರಕಟವಾದ ರಾಬರ್ಟ್ ಕೂವರ್ ಅವರ ಕಾದಂಬರಿಯೊಂದರಲ್ಲಿ ಒಬ್ಬ ಲೆಕ್ಕಿಗನಿದ್ದಾನೆ. ತಾನೇ ಕಲ್ಪಿಸಿದ ತಂಡಗಳನ್ನು ಮನೆಯಲ್ಲಿ ಕುಳಿತು ದಾಳ ಹಾಕಿ ಆಡಿಸುವ ಅವನಿಗೆ, ಒಂದು ದಿನ ದಾಳವೇ ಪ್ರೀತಿಯ ಆಟಗಾರನ ಸಾವನ್ನು ತೋರಿಸುತ್ತದೆ. ಅವನು ಅದನ್ನು ಸಹಿಸಲಾರ. ಅಂಕಿಯ ಹಿಂದೆ ಮನುಷ್ಯನನ್ನು ಕಾಣುವ ಆ ದೌರ್ಬಲ್ಯ ನನಗೆ ಈ ಆಟದ ಗುಣವೆಂದೇ ತೋರುತ್ತದೆ. ಇಂದು 1943ರ ಗ್ರೇಸ್ ತಂಡವನ್ನು 1927ರ ಯಾಂಕೀಸ್ ಎದುರು ಆಡಿಸಬಹುದು. ಫಲಿತಾಂಶ ಏನೇ ಬರಲಿ, ಗಿಬ್ಸನ್ ಅವರ ಹೆಸರಿನಲ್ಲೂ ದಾಳ ಉರುಳುತ್ತದೆ. ಅವರ ಕಾಲ ಅವರಿಗೆ ಅಷ್ಟನ್ನೂ ಕೊಟ್ಟಿರಲಿಲ್ಲ.