ಎಡತೋಳಿನ ಮೇಲಿನ ಕಲೆ

ನಿಮ್ಮ ಎಡತೋಳಿನ ಮೇಲ್ಭಾಗವನ್ನು ನೋಡಿಕೊಳ್ಳಿ. ಅಲ್ಲಿ ಕಾಳಿನಷ್ಟು ಸಣ್ಣದೊಂದು ಕಲೆ ಇದೆಯೇ? ಅದು ಬಿದ್ದು ಆದ ಗಾಯದ ಗುರುತಲ್ಲ. ನೀವು ಹುಟ್ಟಿದಾಗ ಹಾಕಿಸಿದ ಬಿ.ಸಿ.ಜಿ. ಲಸಿಕೆಯ ಗುರುತು. ಕ್ಷಯರೋಗದಿಂದ ಎಳೆಯ ಮಕ್ಕಳನ್ನು ಕಾಪಾಡಲು ಈ ಲಸಿಕೆಯನ್ನು ಹಾಕುತ್ತಾರೆ.

ಆಗ ನಿಮಗೆ ಯಾವ ಕಾಯಿಲೆಯೂ ಇರಲಿಲ್ಲ. ಕಾಯಿಲೆ ಇಲ್ಲದ ಕೂಸಿಗೆ ಸೂಜಿ ಚುಚ್ಚುವುದೇಕೆ? ಅಲ್ಲದೆ ಚುಚ್ಚಿದ್ದು ತೋಳಿಗೆ. ಕ್ಷಯ ಬರುವುದು ಹೆಚ್ಚಾಗಿ ಶ್ವಾಸಕೋಶಕ್ಕೆ. ತೋಳಿಗೆ ಹಾಕಿದ ಒಂದು ಹನಿ ಶ್ವಾಸಕೋಶವನ್ನು ಕಾಯುವುದು ಹೇಗೆ?

ಲಸಿಕೆ ರೋಗಾಣುವನ್ನು ಕೊಲ್ಲುವ ಔಷಧಿಯಲ್ಲ. ಬಿ.ಸಿ.ಜಿ.ಯಲ್ಲಿ ಇರುವುದು ಜೀವಂತ ರೋಗಾಣುಗಳೇ! ಹೆದರಬೇಡಿ, ಅವು ಬಲಗುಂದಿದ ರೋಗಾಣುಗಳು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾಂ ಎಂಬ ವಿಜ್ಞಾನಿಗಳು ದನಗಳಿಗೆ ಕ್ಷಯ ತರುವ ರೋಗಾಣುವನ್ನು ಆಲೂಗಡ್ಡೆಯ ಹೋಳಿನ ಮೇಲೆ ಬೆಳೆಸಿದರು. ಹೀಗೆ 13 ವರ್ಷಗಳಲ್ಲಿ 230 ಸಲ ಮರಳಿ ಮರಳಿ ಬೆಳೆಸಿದಾಗ ಅದರ ಕೆಡುಕಿನ ಶಕ್ತಿ ಕುಂದಿತು. 1921ರಲ್ಲಿ ಮೊದಲ ಬಾರಿಗೆ ಒಂದು ಮಗುವಿಗೆ ಇದನ್ನು ಕೊಟ್ಟರು. ನಮ್ಮ ದೇಶದಲ್ಲಿ ಇದನ್ನು ತಯಾರಿಸಲು 1948ರಲ್ಲಿ ಚೆನ್ನೈಯ ಗಿಂಡಿಯಲ್ಲಿ ಒಂದು ಪ್ರಯೋಗಾಲಯ ಆರಂಭವಾಯಿತು.

ಈಗ ತೋಳಿನೊಳಗೆ ನಡೆಯುವುದನ್ನು ನೋಡೋಣ. ನಮ್ಮ ಚರ್ಮದಲ್ಲಿ ಕೊಂಬೆಗಳಂತೆ ಕೈಚಾಚಿಕೊಂಡಿರುವ ಜೀವಕೋಶಗಳಿವೆ. ಇವುಗಳಿಗೆ ಡೆಂಡ್ರೈಟಿಕ್ ಕೋಶಗಳು ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಡೆಂಡ್ರಾನ್' ಎಂದರೆ ಮರ. ಇವು ಕಾವಲುಗಾರರು. ಹೊರಗಿನ ರೋಗಾಣು ಬಂದೊಡನೆ ಅದನ್ನು ನುಂಗಿ ಚೂರುಚೂರು ಮಾಡುತ್ತವೆ. ಕೆಲವು ಚೂರುಗಳನ್ನು ತಮ್ಮ ಮೈಮೇಲೆ ಕಾಣುವಂತೆ ಇಟ್ಟುಕೊಳ್ಳುತ್ತವೆ. ಆಮೇಲೆ ಚರ್ಮವನ್ನು ಬಿಟ್ಟು ಹೊರಡುತ್ತವೆ.

ಹೋಗುವುದು ಎಲ್ಲಿಗೆ? ಹತ್ತಿರದ ಕಂಕುಳಿಗೆ. ಅಲ್ಲಿ ಅವರೆಕಾಳಿನಂತಹ ಸಣ್ಣ ಸಣ್ಣ ಗಂಟುಗಳಿವೆ. ಇವನ್ನು ದುಗ್ಧಗ್ರಂಥಿಗಳು ಎನ್ನುತ್ತಾರೆ. ಅವುಗಳಲ್ಲಿ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ತುಂಬಿರುತ್ತವೆ. ನಮ್ಮ ದೇಹದಲ್ಲಿ ಟಿ-ಕೋಶಗಳು ಕೋಟಿಗಟ್ಟಲೆ ಇದ್ದರೂ ಒಂದೊಂದು ಟಿ-ಕೋಶವೂ ಒಂದೊಂದು ಬಗೆಯ ಚೂರನ್ನು ಮಾತ್ರ ಗುರುತಿಸಬಲ್ಲದು.

ಸಂತೆಯಲ್ಲಿ ಒಬ್ಬನಿಗೆ ಕರುವಿನ ಕೊರಳಗಂಟೆ ಸಿಕ್ಕಿತು ಎಂದುಕೊಳ್ಳಿ. ಅದನ್ನು ಎತ್ತಿ ಹಿಡಿದು "ಇದು ಯಾರ ಕರುವಿನ ಗಂಟೆ?" ಎಂದು ಕೇಳುತ್ತ ಅವನು ಸುತ್ತುತ್ತಾನೆ. ನೂರು ಜನ ನೋಡಿ ಸುಮ್ಮನೆ ಹೋಗುತ್ತಾರೆ. ಕರುವಿನ ಒಡೆಯ ಮಾತ್ರ "ನನ್ನದು!" ಎಂದು ಓಡಿ ಬರುತ್ತಾನೆ. ಡೆಂಡ್ರೈಟಿಕ್ ಕೋಶ ಮಾಡುವುದೂ ಇದನ್ನೇ. ಸರಿಯಾದ ಟಿ-ಕೋಶ ಸಿಕ್ಕಾಗ ಅದು ಚೂರನ್ನು ತೋರಿಸುವುದರ ಜೊತೆಗೆ, ಅಪಾಯವಿದೆ ಎಂಬ ಸೂಚನೆಯನ್ನೂ ಕೊಡುತ್ತದೆ. ಸೂಚನೆ ಸಿಗದಿದ್ದರೆ ಟಿ-ಕೋಶ ಕೆಲಸಕ್ಕೆ ಇಳಿಯುವುದಿಲ್ಲ. ಇದು ಒಳ್ಳೆಯದೇ. ಇಲ್ಲವಾದರೆ ಅದು ನಮ್ಮ ದೇಹದ ಮೇಲೆಯೇ ಕೈಮಾಡೀತು!

ಎಚ್ಚೆತ್ತ ಟಿ-ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಕೆಲವೇ ದಿನಗಳಲ್ಲಿ ಸಾವಿರಾರು ಆಗುತ್ತದೆ. ಅವು ರಕ್ತದ ಮೂಲಕ ಲಸಿಕೆ ಹಾಕಿದ ಜಾಗಕ್ಕೆ ಬರುತ್ತವೆ. ಕೆಲವು ವಾರಗಳಲ್ಲಿ ಅಲ್ಲಿ ಗುಳ್ಳೆ ಎದ್ದು, ಒಡೆದು, ಒಣಗಿ ಕಲೆ ಉಳಿಯುತ್ತದೆ. ಕೆಲವರಿಗೆ ಕಲೆ ಉಳಿಯದಿರುವುದೂ ಉಂಟು. ಅಂಥವರಿಗೆ ಮತ್ತೆ ಲಸಿಕೆ ಹಾಕಬೇಕಾಗಿಲ್ಲ.

ಕೆಲಸ ಮುಗಿದ ಮೇಲೆ ಹೆಚ್ಚಿನ ಟಿ-ಕೋಶಗಳು ಸಾಯುತ್ತವೆ. ಕೆಲವು ಮಾತ್ರ ನೆನಪನ್ನು ಇಟ್ಟುಕೊಂಡು ದೇಹದಲ್ಲಿ ಉಳಿಯುತ್ತವೆ. ಮುಂದೆ ನಿಜವಾದ ಕ್ಷಯದ ರೋಗಾಣು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಬಂತು ಎನ್ನೋಣ. ಈ ರೋಗಾಣು ಬಲು ಜಾಣ. ತನ್ನನ್ನು ನುಂಗಿದ ಬಿಳಿ ರಕ್ತಕಣದೊಳಗೇ ಸಾಯದೆ ಅಡಗಿ ಕೂರುತ್ತದೆ. ನೆನಪಿನ ಟಿ-ಕೋಶಗಳು ಬೇಗನೆ ಅಲ್ಲಿಗೆ ಹೋಗಿ, ಆ ರಕ್ತಕಣಕ್ಕೆ ಒಳಗಿನ ಶತ್ರುವನ್ನು ಕೊಲ್ಲುವ ಬಲ ಕೊಡುತ್ತವೆ.

ಡೆಂಡ್ರೈಟಿಕ್ ಕೋಶಗಳಿಗೆ ಆ ಹೆಸರಿಟ್ಟವರು ನ್ಯೂಯಾರ್ಕಿನ ರಾಲ್ಫ್ ಸ್ಟೈನ್‌ಮನ್ ಮತ್ತು ಝ್ಯಾನ್ವಿಲ್ ಕೋನ್. 1973ರಲ್ಲಿ ಇಲಿಯ ಗುಲ್ಮದಲ್ಲಿ ಅವರು ಇವನ್ನು ಕಂಡರು. ಇವಕ್ಕೆ ಅಷ್ಟು ಮಹತ್ವವಿದೆ ಎಂಬುದನ್ನು ಅನೇಕರು ಬಹಳ ಕಾಲ ಒಪ್ಪಲಿಲ್ಲ. 2011ರ ಅಕ್ಟೋಬರ್ 3ರಂದು ಸ್ಟೈನ್‌ಮನ್ ಅವರಿಗೆ ನೊಬೆಲ್ ಬಹುಮಾನ ಘೋಷಣೆಯಾಯಿತು. ಅವರು ಮೂರು ದಿನ ಮೊದಲೇ ತೀರಿಕೊಂಡಿದ್ದರು. ಬಹುಮಾನ ಕೊಡುವವರಿಗೆ ಅದು ತಿಳಿದಿರಲಿಲ್ಲ. ತೀರಿಕೊಂಡವರಿಗೆ ಈ ಬಹುಮಾನ ಕೊಡುವ ಪದ್ಧತಿ ಇಲ್ಲ. ಆದರೂ ಅದನ್ನು ಹಿಂತೆಗೆಯಲಿಲ್ಲ.

ಬಿ.ಸಿ.ಜಿ. ಎಳೆಯ ಮಕ್ಕಳಲ್ಲಿ ಮೆದುಳಿನ ಪೊರೆಗೆ ತಗಲುವ ಕಠಿಣ ಕ್ಷಯವನ್ನು ಚೆನ್ನಾಗಿ ತಡೆಯುತ್ತದೆ. ದೊಡ್ಡವರ ಶ್ವಾಸಕೋಶದ ಕ್ಷಯದ ವಿಷಯದಲ್ಲಿ ಹಾಗಲ್ಲ. ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ಆರಂಭವಾದ ದೊಡ್ಡ ಪರೀಕ್ಷೆಯಲ್ಲಿ ದೊಡ್ಡವರಿಗೆ ಇದರಿಂದ ರಕ್ಷಣೆ ಸಿಗಲಿಲ್ಲ. ಆದ್ದರಿಂದ ತೋಳಿನಲ್ಲಿ ಕಲೆ ಇದ್ದವರಿಗೂ ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮು ಇದ್ದರೆ ಆರೋಗ್ಯ ಕೇಂದ್ರದಲ್ಲಿ ಕಫವನ್ನು ಪರೀಕ್ಷಿಸುತ್ತಾರೆ.