ಹೇಳಿ ಹೊಡೆಯುವ ಕಲೆ

ಶಾಲಾ ವಾರ್ಷಿಕೋತ್ಸವದಲ್ಲಿ ಕರಾಟೆ ಪ್ರದರ್ಶನ ಇದೆ ಎಂದರೆ ಹೆಂಚು ಒಡೆಯುವುದು ಇದ್ದೇ ಇರುತ್ತದೆ. ಒಂದರ ಮೇಲೊಂದು ಪೇರಿಸಿದ ಮಂಗಳೂರು ಹೆಂಚು, ಒಂದು ಕೂಗು, ಒಂದು ಏಟು, ಆಮೇಲೆ ಚಪ್ಪಾಳೆ. ನೋಡಲು ಬಂದ ಅಪ್ಪ ಅಮ್ಮಂದಿರಿಗೆ ಕರಾಟೆ ಎಂದರೆ ಬಹುಪಾಲು ಇಷ್ಟೇ. ವಾರದ ಉಳಿದ ದಿನಗಳಲ್ಲಿ ತರಗತಿಯೊಳಗೆ ನಡೆಯುವುದು ಬೇರೆಯೇ. ಮಕ್ಕಳು ಎರಡು ಸಾಲಾಗಿ ಎದುರುಬದುರು ನಿಲ್ಲುತ್ತಾರೆ. ಒಂದು ಸಾಲಿನವರು ಎಲ್ಲಿಗೆ ಹೊಡೆಯುತ್ತೇವೆ ಎಂದು ಮೊದಲೇ ಕೂಗಿ ಹೇಳುತ್ತಾರೆ, ಮಾಸ್ಟರ್ ಎಣಿಸಿದಂತೆ ಐದು ಹೆಜ್ಜೆ ಮುಂದೆ ಬಂದು ಐದು ಸಲ ಹೊಡೆಯುತ್ತಾರೆ. ಎದುರಿನವರು ಐದು ಹೆಜ್ಜೆ ಹಿಂದೆ ಸರಿದು ಐದನ್ನೂ ತಡೆಯುತ್ತಾರೆ. ಆಮೇಲೆ ಪಾತ್ರ ಅದಲುಬದಲು.

ನೋಡಲು ಇದಕ್ಕಿಂತ ಸಪ್ಪೆಯಾದದ್ದು ಇಲ್ಲ. ಆದರೆ ಶೋಟೊಕಾನ್ ಶೈಲಿಯ ಕರಾಟೆಯಲ್ಲಿ ಎದುರಾಳಿಯನ್ನು ಎದುರಿಸುವ ವಿದ್ಯೆ ಶುರುವಾಗುವುದು ಇಲ್ಲಿಂದಲೇ. ಇದರ ಹೆಸರು ಗೋಹೊನ್ ಕುಮಿತೆ. ಕುಮಿತೆ ಎಂದರೆ ಜೊತೆಗಾರನೊಂದಿಗಿನ ಅಭ್ಯಾಸ. ಗೋಹೊನ್ ಎಂದರೆ ಐದು ಏಟಿನದು.

ಐದು ಹೆಜ್ಜೆಯ ಲೆಕ್ಕ

ಇಬ್ಬರೂ ಬಾಗಿ ವಂದಿಸುತ್ತಾರೆ. ಹೊಸಬರಾದರೆ ಹೊಡೆಯುವವನು ತೋಳು ಚಾಚಿ ದೂರ ಅಳೆದುಕೊಳ್ಳುವುದೂ ಉಂಟು. ನಂತರ ಅವನು ಬಲಗಾಲನ್ನು ಹಿಂದಕ್ಕಿಟ್ಟು, ಎಡಗೈಯನ್ನು ಕೆಳಮುಖವಾಗಿ ಬೀಸಿ, ಮುಂದಿನ ಮಂಡಿ ಬಾಗಿಸಿದ ಉದ್ದ ನಿಲುವಿಗೆ ಬರುತ್ತಾನೆ. ಈ ನಿಲುವು ಜೆನ್‌ಕುತ್ಸು ದಾಚಿ. ತಡೆಯುವವನು ಸಹಜವಾಗಿ ನಿಂತೇ ಇರುತ್ತಾನೆ. ‘ಜೋದಾನ್’ ಎಂದು ಕೂಗಿದರೆ ಗುರಿ ಮುಖ. ‘ಚೂದಾನ್’ ಎಂದರೆ ಹೊಟ್ಟೆ, ಎದೆಯ ಭಾಗ.

ಒಂದು ಎಂದೊಡನೆ ಬಲಗಾಲು ಮುಂದಕ್ಕೆ, ಬಲಗೈ ಮುಷ್ಟಿ ಮುಖದ ನೇರಕ್ಕೆ. ಇದು ಓಯಿ ಜುಕಿ, ಹೆಜ್ಜೆ ಹಾಕಿ ಹೊಡೆಯುವ ಪಂಚ್. ತಡೆಯುವವನು ಬಲಗಾಲನ್ನೇ ಹಿಂದಕ್ಕಿಟ್ಟು, ಎಡ ಮುಂಗೈಯನ್ನು ಹಣೆಯ ಮುಂದೆ ಮೇಲಕ್ಕೆತ್ತಿ ಏಟನ್ನು ತಲೆಯ ಮೇಲಕ್ಕೆ ಹಾರಿಸುತ್ತಾನೆ. ಇದು ಅಗೆ ಉಕೆ. ಎರಡು, ಮೂರು, ನಾಲ್ಕು ಹೀಗೇ ಎಡ ಬಲ ಬದಲಾಗುತ್ತಾ ಸಾಗುತ್ತದೆ. ಐದನೆಯದನ್ನು ತಡೆದ ಕೂಡಲೇ ಅವನು ಸೊಂಟ ತಿರುಗಿಸಿ, ಹಿಂಗಾಲಿನ ಬದಿಯ ಕೈಯಿಂದ ಗ್ಯಾಕು ಜುಕಿ ಎಂಬ ಮರುಏಟು ಕೊಡುತ್ತಾನೆ, ಹೊಟ್ಟೆಯಾಳದಿಂದ ‘ಕಿಯಾಯ್’ ಕೂಗುತ್ತಾ. ಮುಷ್ಟಿ ಎದುರಿನವನ ಬಟ್ಟೆಯ ಹತ್ತಿರ ಬಂದು ನಿಲ್ಲಬೇಕು, ತಾಗಬಾರದು. ಎದೆಮಟ್ಟದ ಸುತ್ತಿನಲ್ಲಿ ಅಗೆ ಉಕೆಯ ಬದಲು ಹೊರಗಿನಿಂದ ಒಳಕ್ಕೆ ಮುಂಗೈ ಬೀಸುವ ಸೊಟೊ ಉಕೆ.

ಇದರದ್ದೇ ಮೂರು ಹೆಜ್ಜೆಯ ರೂಪ ಸಾನ್‌ಬೊನ್ ಕುಮಿತೆ. ಅದರ ಒಂದು ರೂಢಿಯಲ್ಲಿ ಮುಖಕ್ಕೊಂದು ಪಂಚ್, ಎದೆಗೊಂದು ಪಂಚ್, ಕೊನೆಗೊಂದು ಕಿಕ್.

ಒಕಿನಾವಾದಿಂದ ಟೋಕಿಯೊಗೆ

ಈ ಜೋಡಿ ಅಭ್ಯಾಸ ಕರಾಟೆಯಷ್ಟು ಹಳೆಯದಲ್ಲ. ಶೋಟೊಕಾನಿನ ಮೂಲಪುರುಷ ಗಿಚಿನ್ ಫುನಾಕೋಶಿ 1868ರಲ್ಲಿ ಒಕಿನಾವಾದ ಶುರಿಯಲ್ಲಿ ಹುಟ್ಟಿದವರು. ವೃತ್ತಿಯಿಂದ ಶಾಲಾ ಶಿಕ್ಷಕ. ಅವರು ಕಲಿತ ಕಾಲದಲ್ಲಿ ಕರಾಟೆ ಎಂದರೆ ಮುಖ್ಯವಾಗಿ ಕತಾ, ಅಂದರೆ ಕಾಲ್ಪನಿಕ ಎದುರಾಳಿಗಳ ನಡುವೆ ಒಬ್ಬರೇ ಮಾಡುವ ಕ್ರಮಬದ್ಧ ಚಲನೆ. ಒಂದೇ ಕತಾವನ್ನು ವರ್ಷಗಟ್ಟಲೆ ತಿದ್ದುವುದೇ ಶಿಕ್ಷಣ.

1922ರಲ್ಲಿ ಫುನಾಕೋಶಿ ಟೋಕಿಯೊದಲ್ಲಿ ಕರಾಟೆ ಪ್ರದರ್ಶಿಸಿ ಅಲ್ಲಿಯೇ ಉಳಿದರು. 1924ರಲ್ಲಿ ಕೇಯೊ ವಿಶ್ವವಿದ್ಯಾಲಯದಲ್ಲಿ ಕರಾಟೆ ಕ್ಲಬ್ ಶುರುವಾಯಿತು. ಉಳಿದ ವಿಶ್ವವಿದ್ಯಾಲಯಗಳೂ ಅದೇ ದಾರಿ ಹಿಡಿದವು. ಅಲ್ಲಿನ ವಿದ್ಯಾರ್ಥಿಗಳು ಜೂಡೊ, ಕೆಂಡೊ ಬಲ್ಲವರು, ಎದುರಿಗೆ ಮನುಷ್ಯ ಇದ್ದೇ ಕಲಿತವರು. ಗಾಳಿಗೆ ಹೊಡೆಯುವುದರಿಂದ ಅವರಿಗೆ ಸಮಾಧಾನವಾಗಲಿಲ್ಲ. ಕೆಲವರು ಮೈಗೆ ರಕ್ಷಾಕವಚ ಕಟ್ಟಿಕೊಂಡು ಹೊಡೆದಾಡಿಯೇ ನೋಡತೊಡಗಿದರು. ಫುನಾಕೋಶಿಗೆ ಅದು ಒಪ್ಪಿಗೆಯಾಗಲಿಲ್ಲ. ಅಂಕೆಯಿಲ್ಲದ ಕಾದಾಟ ಒಂದು ಕಡೆ, ಎದುರಾಳಿಯೇ ಇಲ್ಲದ ಕತಾ ಇನ್ನೊಂದು ಕಡೆ. ನಡುವಿನ ದಾರಿಯಾಗಿ ಬೆಳೆದದ್ದು ಮೊದಲೇ ಮಾತಾಡಿಕೊಂಡು ಮಾಡುವ ಈ ಕುಮಿತೆ. ಜುಜುತ್ಸು ಬಲ್ಲ ಶಿಷ್ಯ ಹಿರೊನೊರಿ ಓಟ್ಸುಕಾ, ಮುಂದೆ ವಾಡೊ ರ್ಯು ಶೈಲಿ ಕಟ್ಟಿದವರು, ಇದಕ್ಕೆ ಆಕಾರ ಕೊಟ್ಟವರಲ್ಲೊಬ್ಬರು. ಶೋಟೊಕಾನಿನ ಉದ್ದ, ತಗ್ಗು ನಿಲುವುಗಳಿಗೂ ಹಂತಹಂತವಾದ ಕುಮಿತೆಗೂ ಫುನಾಕೋಶಿಯವರ ಮಗ ಗಿಗೋ ಅವರ ಹೆಸರು ಹೇಳುತ್ತಾರೆ.

ಶೋಟೊ ಎಂಬುದು ಫುನಾಕೋಶಿಯವರ ಕಾವ್ಯನಾಮ. ಶಿಷ್ಯರು ಟೋಕಿಯೊದಲ್ಲಿ ಕಟ್ಟಿಸಿಕೊಟ್ಟ ಅಭ್ಯಾಸ ಮಂದಿರಕ್ಕೆ ಶೋಟೊಕಾನ್ ಎಂದು ಹೆಸರಿಟ್ಟರು. 1945ರ ಬಾಂಬ್ ದಾಳಿಯಲ್ಲಿ ಕಟ್ಟಡ ನಾಶವಾಯಿತು. ಅದೇ ವರ್ಷ ಗಿಗೋ ಕೂಡ ತೀರಿಕೊಂಡರು. 1949ರಲ್ಲಿ ಜಪಾನ್ ಕರಾಟೆ ಅಸೋಸಿಯೇಷನ್ ಹುಟ್ಟಿತು. ಮಸತೋಶಿ ನಾಕಾಯಾಮಾ ಅವರ ಮುಂದಾಳತ್ವದಲ್ಲಿ ಕಲಿಕೆಯ ಮೆಟ್ಟಿಲುಗಳು ಗಟ್ಟಿಯಾದವು, ಅಲ್ಲಿ ತರಬೇತಾದವರು ದೇಶದೇಶಗಳಿಗೆ ಹೋದರು. ಫುನಾಕೋಶಿ ತೀರಿಕೊಂಡದ್ದು 1957ರ ಏಪ್ರಿಲ್‌ನಲ್ಲಿ. ಈ ಸಂಸ್ಥೆಯ ಮೊದಲ ಅಖಿಲ ಜಪಾನ್ ಪಂದ್ಯಾವಳಿ ನಡೆದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ.

ಹೊಡೆಯುವವನ ಪ್ರಾಮಾಣಿಕತೆ

ಗೋಹೊನ್ ಕುಮಿತೆ ತಡೆಯುವವನಿಗಾಗಿ ಇರುವ ಪಾಠ ಎಂದು ಮೇಲುನೋಟಕ್ಕೆ ಅನಿಸುತ್ತದೆ. ಆದರೆ ಅಭ್ಯಾಸ ಚೆನ್ನಾಗಿ ನಡೆಯುವುದೂ ಕೆಡುವುದೂ ಹೊಡೆಯುವವನ ಕೈಯಲ್ಲಿದೆ. ಮಕ್ಕಳಲ್ಲಿ ಎರಡು ಬಗೆ. ಗೆಳೆಯನಿಗೆ ಪೆಟ್ಟಾದೀತೆಂದು ಮುಷ್ಟಿಯನ್ನು ಕಿವಿಯ ಪಕ್ಕಕ್ಕೆ ಬಿಡುವವರು ಅಥವಾ ಅರ್ಧದಲ್ಲೇ ನಿಲ್ಲಿಸುವವರು ಕೆಲವರು. ತಡೆಯಲಾಗದಂತೆ ಹೊಡೆದು ಗೆಲ್ಲಬೇಕೆಂದು ಎಣಿಕೆಗೆ ಮೊದಲೇ ನುಗ್ಗುವವರು ಇನ್ನು ಕೆಲವರು. ಇಬ್ಬರಿಂದಲೂ ಎದುರಿನವನಿಗೆ ನಷ್ಟವೇ. ಮೊದಲನೆಯವನ ಏಟು ತಡೆಯದಿದ್ದರೂ ತಾಗುವುದಿಲ್ಲ. ಹಾಗಾಗಿ ತಾನು ತಡೆದೆ ಎಂಬ ಸುಳ್ಳು ಧೈರ್ಯ ಬರುತ್ತದೆ. ಎರಡನೆಯವನಿಂದ ಕಣ್ಣು ಮುಚ್ಚಿ ಹಿಂದೆ ಓಡುವ ಅಭ್ಯಾಸ ಬೆಳೆಯುತ್ತದೆ.

ತಡೆಯದಿದ್ದರೆ ತಾಗುವ ಗೆರೆಯಲ್ಲೇ ಏಟು ಬರಬೇಕು, ಹೇಳಿದ ಜಾಗಕ್ಕೇ ಬರಬೇಕು, ಆದರೂ ಹೊಡೆಯುವವನ ಅಂಕೆಯಲ್ಲಿರಬೇಕು. ಭಾರತ ಕ್ರಿಕೆಟ್ ತಂಡದಲ್ಲಿ ಕುಮಟಾದ ರಾಘವೇಂದ್ರ ನೆಟ್‌ನಲ್ಲಿ ಬ್ಯಾಟರ್‌ಗಳಿಗೆ ಥ್ರೋಡೌನ್ ಎಸೆಯುವ ಕೆಲಸ ಇಂಥದ್ದೇ: ಔಟ್ ಮಾಡುವುದು ಅಲ್ಲಿ ಗುರಿಯಲ್ಲ, ಆದರೆ ಚೆಂಡು ಮೆತ್ತಗಿದ್ದರೆ ಬ್ಯಾಟರ್‌ಗೆ ಪ್ರಯೋಜನವೂ ಇಲ್ಲ. ಕುಮಿತೆಯಲ್ಲಿ ಹೊಡೆಯುವ ಸರದಿ ಬಂದವರೂ ಎದುರಿನವನನ್ನು ಬೆಳೆಸಲೆಂದೇ ಹೊಡೆಯುತ್ತಾರೆ. ಕೊನೆಯ ಏಟು ಯಾವಾಗಲೂ ತಡೆದವನದ್ದೇ, ಹೊಡೆದವನು ಸೋಲಲೇಬೇಕು. ಸರದಿ ಬದಲಾಗುವುದರಿಂದ ತರಗತಿಯ ಅತ್ಯಂತ ಗಟ್ಟಿ ಹುಡುಗನೂ ಅರ್ಧ ಹೊತ್ತು ಸೋಲುವ ಪಾತ್ರದಲ್ಲಿರುತ್ತಾನೆ. ಕರಾಟೆ ವಂದನೆಯಿಂದ ಶುರುವಾಗಿ ವಂದನೆಯಲ್ಲೇ ಮುಗಿಯಬೇಕು, ಮೊದಲ ಏಟು ನಮ್ಮದಾಗಬಾರದು ಎಂದು ಫುನಾಕೋಶಿ ಹೇಳುತ್ತಿದ್ದರು. ಆ ಮಾತುಗಳು ಗೋಡೆಯ ಬರಹವಾಗಿ ಉಳಿಯದೆ ಮೈಗೆ ಹತ್ತುವುದು ಇಲ್ಲಿ.

ತಡೆಯುವವನು ಕಲಿಯುವ ದೊಡ್ಡ ಪಾಠ ದೂರದ್ದು. ಜಪಾನಿಯರು ಇದನ್ನು ಮಾ-ಆಯ್ ಎನ್ನುತ್ತಾರೆ. ಹೆಚ್ಚು ಹಿಂದೆ ಸರಿದರೆ ಏಟಿನಿಂದೇನೋ ಪಾರು, ಆದರೆ ಐದನೆಯ ಹೆಜ್ಜೆಯಲ್ಲಿ ಮರುಏಟು ಮುಟ್ಟುವುದಿಲ್ಲ. ಕಡಿಮೆ ಸರಿದರೆ ಕೈ ಎತ್ತಲು ಜಾಗವೇ ಇರುವುದಿಲ್ಲ. ಎತ್ತರದ ಹುಡುಗನ ಹೆಜ್ಜೆ ಉದ್ದ, ಗಿಡ್ಡ ಹುಡುಗಿಯ ಹೆಜ್ಜೆ ಚಿಕ್ಕದು; ಐದು ಹೆಜ್ಜೆಯೂ ಅವಳು ಆ ವ್ಯತ್ಯಾಸ ತುಂಬಿಕೊಳ್ಳುತ್ತಲೇ ಇರಬೇಕು. ಸಾಲನ್ನು ಒಂದೊಂದು ಸ್ಥಾನ ಸರಿಸಿ ಜೊತೆಗಾರರನ್ನು ಬದಲಿಸುವುದು ಇದಕ್ಕಾಗಿಯೇ. ಒಬ್ಬನ ಜೊತೆಗೇ ಮಾಡಿದರೆ ಅವನ ಹೆಜ್ಜೆ ಬಾಯಿಪಾಠವಾಗುತ್ತದೆ, ದೂರ ಅಳೆಯಲು ಬರುವುದಿಲ್ಲ.

ಕಾಲು ಊರುವುದೂ ಕೈ ತಡೆಯುವುದೂ ಒಟ್ಟಿಗೆ ಆಗಬೇಕು ಎಂಬುದು ಎರಡನೆಯ ಪಾಠ. ಹೊಸಬರ ಕೈ ಮೊದಲೇ ಮೇಲೇಳುತ್ತದೆ, ಕಾಲು ಆಮೇಲೆ ಬರುತ್ತದೆ. ಬೆನ್ನು ಹಿಂದಕ್ಕೆ ಬಾಗುತ್ತದೆ, ಹಿಂಗಾಲಿನ ಹಿಮ್ಮಡಿ ನೆಲ ಬಿಡುತ್ತದೆ, ಕಣ್ಣು ಎದುರಿನವನ ಮುಖ ಬಿಟ್ಟು ಮುಷ್ಟಿಯ ಹಿಂದೆ ಓಡುತ್ತದೆ. ಮಾಸ್ಟರ್ ಸಾಲಿನ ನಡುವೆ ಓಡಾಡುತ್ತಾ ತಿದ್ದುವುದು ಬಹುತೇಕ ಇವನ್ನೇ.

ಒಂದೊಂದೇ ಸುಳಿವು ಕಳಚುವುದು

ಗೋಹೊನ್ ಕುಮಿತೆಯಲ್ಲಿ ತಡೆಯುವವನಿಗೆ ಎಲ್ಲವೂ ಗೊತ್ತು: ಯಾವ ಏಟು, ಎಲ್ಲಿಗೆ, ಎಷ್ಟು, ಯಾವಾಗ. ಮುಂದಿನ ಹಂತಗಳಲ್ಲಿ ಈ ಸುಳಿವುಗಳು ಒಂದೊಂದಾಗಿ ಕಳಚುತ್ತವೆ. ಶೋಟೊಕಾನ್ ಕ್ರಮದ ಜಾಣ್ಮೆ ಇರುವುದು ಇಲ್ಲಿಯೇ.

ಎರಡನೆಯ ಹಂತ ಕಿಹೊನ್ ಇಪ್ಪೊನ್ ಕುಮಿತೆ, ಒಂದೇ ಏಟಿನದು. ಪಂಚ್‌ಗಳ ಜೊತೆಗೆ ನೇರ ಒದೆತ ಮಾಯೆ ಗೆರಿ, ಅಡ್ಡ ಒದೆತ ಯೊಕೊ ಗೆರಿ, ಸುತ್ತು ಒದೆತ ಮವಾಶಿ ಗೆರಿ ಸೇರುತ್ತವೆ. ಈಗಲೂ ಹೆಸರು ಹೇಳಿಯೇ ಹೊಡೆಯಬೇಕು, ಆದರೆ ಹೊರಡುವ ಕ್ಷಣವನ್ನು ಹೊಡೆಯುವವನೇ ಆರಿಸಿಕೊಳ್ಳಬಹುದು. ದೂರ ಸರಿಹೊಂದಿಸಿಕೊಳ್ಳಲು ಈಗ ಐದು ಅವಕಾಶಗಳಿಲ್ಲ, ಒಂದೇ. ತಡೆಯುವವನಿಗೂ ನೇರ ಹಿಂದಕ್ಕೇ ಹೋಗಬೇಕೆಂಬ ಕಟ್ಟಿಲ್ಲ. ಓರೆಯಾಗಿ ಸರಿದು, ಮೈ ತಿರುಗಿಸಿ, ಏಟಿನ ಗೆರೆಯಿಂದಲೇ ಹೊರಬರುವುದನ್ನು ಕಲಿಯುತ್ತಾನೆ.

ಮೂರನೆಯದು ಜಿಯೂ ಇಪ್ಪೊನ್ ಕುಮಿತೆ, ಸಾಮಾನ್ಯವಾಗಿ ಬ್ರೌನ್ ಬೆಲ್ಟ್ ಹೊತ್ತಿನದು. ಇಬ್ಬರೂ ಕಾದಾಟದ ನಿಲುವಿನಲ್ಲಿ ಓಡಾಡುತ್ತಿರುತ್ತಾರೆ. ಹೊಡೆಯುವವನು ಏಟಿನ ಹೆಸರು ಹೇಳುತ್ತಾನೆ, ಆಮೇಲೆ ಸುತ್ತುತ್ತಾ ದೂರ ಕದ್ದು, ಎದುರಿನವನ ಗಮನ ಸಡಿಲಾದ ಗಳಿಗೆಗೆ ಕಾಯುತ್ತಾನೆ. ಏನು ಬರುತ್ತದೆ ಗೊತ್ತು, ಯಾವಾಗ ಮತ್ತು ಎಷ್ಟು ದೂರದಿಂದ ಗೊತ್ತಿಲ್ಲ. ತಡೆದು ಮರುಏಟು ಕೊಟ್ಟ ಮೇಲೂ ಎಚ್ಚರ ಇಳಿಸದೆ ಹಿಂದೆ ಸರಿಯಬೇಕು. ಆ ಉಳಿದ ಎಚ್ಚರಕ್ಕೆ ಜಾನ್‌ಶಿನ್ ಎನ್ನುತ್ತಾರೆ. ಇದರ ಮುಂದೆ, ಮೊದಲ ಏಟು ಹೇಳಿ ಎರಡನೆಯದನ್ನು ಹೇಳದೆ ಹೊಡೆಯುವ ಅಭ್ಯಾಸವೂ ಇದೆ. ಕೊನೆಯಲ್ಲಿ ಜಿಯೂ ಕುಮಿತೆ, ನಮ್ಮ ಹುಡುಗರು ‘ಫೈಟ್’ ಎನ್ನುವುದು. ಅಲ್ಲಿ ಯಾವ ಸುಳಿವೂ ಇಲ್ಲ.

ಆಕ್ಷೇಪಗಳು

ಬೀದಿಯಲ್ಲಿ ಯಾರೂ ಹೇಳಿ ಹೊಡೆಯುವುದಿಲ್ಲ, ಸೊಂಟಕ್ಕೆ ಕೈ ಎಳೆದುಕೊಂಡು ಐದು ಹೆಜ್ಜೆ ನೇರ ನಡೆದು ಬರುವುದೂ ಇಲ್ಲ ಎಂಬ ಟೀಕೆ ಹಳೆಯದು. ಟೀಕೆ ನಿಜ. ಗೋಹೊನ್ ಕುಮಿತೆ ಬೀದಿ ಜಗಳದ ನಕಲಲ್ಲ, ಕಾಲು, ಕಣ್ಣು, ದೂರಗಳನ್ನು ಬೇರೆಬೇರೆಯಾಗಿ ತಿದ್ದುವ ಸಾಧನ. ತೊಂದರೆ ಇರುವುದು ಅದರಲ್ಲೇ ಉಳಿದುಬಿಟ್ಟಾಗ. ಬೆಲ್ಟ್ ಪರೀಕ್ಷೆಗೆ ಬೇಕಾದಷ್ಟನ್ನು ನೃತ್ಯದಂತೆ ಒಪ್ಪಿಸಿ, ಹೆಸರು ಹೇಳದ ಏಟನ್ನು ಒಮ್ಮೆಯೂ ಎದುರಿಸದೆ ಬ್ಲ್ಯಾಕ್ ಬೆಲ್ಟ್ ಕಟ್ಟಿಕೊಂಡರೆ ದೋಷ ಅಭ್ಯಾಸದ್ದಲ್ಲ, ಕಲಿಸಿದವರದ್ದು. ಪಂದ್ಯದ ಕುಮಿತೆಯೂ ಬೇರೆಯೇ. 2021ರ ಆಗಸ್ಟ್‌ನಲ್ಲಿ ಟೋಕಿಯೊದ ನಿಪ್ಪಾನ್ ಬುಡೋಕಾನ್‌ನಲ್ಲಿ ಕರಾಟೆ ಮೊದಲ ಬಾರಿ ಒಲಿಂಪಿಕ್ಸ್‌ಗೆ ಬಂದಾಗ ಕಂಡದ್ದು ಕೈಗವಸು, ಪುಟಿಯುವ ಕಾಲು, ಅಂಕಗಳ ಆಟ. ಪ್ಯಾರಿಸ್‌ನ ಪಟ್ಟಿಯಲ್ಲಿ ಕರಾಟೆ ಇರಲಿಲ್ಲ. ಪದಕ ಇರಲಿ ಬಿಡಲಿ, ತರಗತಿಯ ಐದು ಹೆಜ್ಜೆ ಹಾಗೇ ನಡೆದಿದೆ.

ಸೇರಿಸುವ ಮುನ್ನ

ಆತ್ಮರಕ್ಷಣೆಯ ಹೆಸರಿನಲ್ಲಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೂ ಈಗ ಕರಾಟೆ ತರಬೇತಿ ಸಿಗುತ್ತಿದೆ. ಖಾಸಗಿ ತರಗತಿಗಳು ಬಡಾವಣೆಗೊಂದರಂತಿವೆ. ಮಗುವನ್ನು ಸೇರಿಸುವ ಮೊದಲು ವಾರ್ಷಿಕೋತ್ಸವದ ವಿಡಿಯೊ ನೋಡಬೇಡಿ, ಒಂದು ಸಂಜೆ ತರಗತಿಯಲ್ಲೇ ಕುಳಿತು ನೋಡಿ. ಮಕ್ಕಳನ್ನು ಎದುರುಬದುರು ನಿಲ್ಲಿಸುತ್ತಾರೆಯೇ? ಜೊತೆಗಾರರನ್ನು ಬದಲಿಸುತ್ತಾರೆಯೇ? ಏಟು ಪಕ್ಕಕ್ಕೆ ಹೋದಾಗ ಮಾಸ್ಟರ್ ತಡೆದವನನ್ನಷ್ಟೇ ಅಲ್ಲ, ಹೊಡೆದವನನ್ನೂ ತಿದ್ದುತ್ತಾರೆಯೇ? ತಾಗಿದಾಗ ಅಭ್ಯಾಸ ನಿಲ್ಲಿಸಿ ವಿಚಾರಿಸುತ್ತಾರೆಯೇ? ಇವಕ್ಕೆ ಹೌದು ಎಂಬ ಉತ್ತರ ಸಿಕ್ಕರೆ ಫೀಸು ಕಟ್ಟಿ. ಹೆಂಚು ಒಡೆಯಲು ಬಾರದಿದ್ದರೆ ಮಗುವಿಗೆ ನಷ್ಟವೇನಿಲ್ಲ.